ನನ್ನ ವಾಕಿಂಗ್ ಸಿಮ್ಯುಲೇಟರ್ (ಬರೀ ನಡೆಯುತ್ತಾ ಕಥೆ ತಿಳಿಯುವ ಕಂಪ್ಯೂಟರ್ ಆಟ) ಆಡಿದವರೆಲ್ಲ ಬೋರ್ ಅಂತಾರೆ. ಓಡುವ ಬಟನ್ ಕೊಡಲೋ, ಪಝಲ್ ಹಾಕಲೋ, ದೆವ್ವ ತರಲೋ?

ಅಜ್ಜನ ಮನೆ, ತೋಟ, ಹಿಂದಿನ ಗುಡ್ಡ ಇಟ್ಟುಕೊಂಡು ಆಟ ಕಟ್ಟಿದ್ದೀರಿ, ಸ್ನೇಹಿತರು ಆಡಿ “ಬರೀ ನಡೆಯೋದೇ ಆಯ್ತಲ್ಲ ಗುರೂ” ಅಂದಿದ್ದಾರೆ. ಓದಿದರೆ ನಾಲ್ಕು ವರ್ಷದ ಹಿಂದೆ ನಾನೇ ಕೇಳಿದ ಪ್ರಶ್ನೆಯ ಹಾಗಿದೆ. ವ್ಯತ್ಯಾಸ ಇಷ್ಟೇ, ನನ್ನದು ದೊಡ್ಡಪ್ಪನ ಮನೆ. ತೀರ್ಥಹಳ್ಳಿಯಿಂದ ಒಳಗೆ, ಬಸ್ಸಿಳಿದು ಎರಡು ಕಿಲೋಮೀಟರು.

ಒಂದು ಮಾತು ಮೊದಲೇ ಕೇಳಿಬಿಡ್ತೇನೆ: ನೀವು ಟೇಪು ಹಿಡಿದು ಅಳೆದಿದ್ದೀರಾ? ನಾನು ಅಳೆದಿದ್ದೆ. ಹಾಳಾಗಿದ್ದು ಅಲ್ಲೇ.

ಆಗ ನಾನು ಡಿಯರ್ ಎಸ್ತರ್ ಅನ್ನೋ ಆಟ ಆಡಿ ತಲೆ ಕೆಡಿಸಿಕೊಂಡಿದ್ದ ಕಾಲ. ಸ್ಕಾಟ್ಲೆಂಡಿನ ಹೆಬ್ರಿಡೀಸ್ ಕಡೆಯ ಒಂದು ಖಾಲಿ ದ್ವೀಪ, ಗಾಳಿ, ಕಡಲು, ಪತ್ರದ ತುಣುಕು ಓದುವ ಒಬ್ಬ ಗಂಡಸಿನ ದನಿ. ಓಡೋಕಿಲ್ಲ, ಹಾರೋಕಿಲ್ಲ, ಕೈಯಲ್ಲಿ ಏನೂ ಇಲ್ಲ. 2008ರಲ್ಲಿ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದಲ್ಲಿದ್ದ ಡ್ಯಾನ್ ಪಿಂಚ್‌ಬೆಕ್ ಹಾಫ್-ಲೈಫ್ 2 ಎಂಬ ಗುಂಡು ಹಾರಿಸುವ ಆಟವನ್ನೇ ಬಗ್ಗಿಸಿ ಮಾಡಿದ ಮಾಡ್ ಅದು. 2012ರಲ್ಲಿ ಹೊಸದಾಗಿ ಕಟ್ಟಿ ಮಾರಾಟಕ್ಕೆ ಬಿಟ್ಟರು. ಆ ದ್ವೀಪವನ್ನು ಮತ್ತೆ ಕಟ್ಟಿದ ರಾಬರ್ಟ್ ಬ್ರಿಸ್ಕೋ ಅದಕ್ಕೆ ಮುಂಚೆ ಕೆಲಸ ಮಾಡಿದ್ದು ಮಿರರ್ಸ್ ಎಡ್ಜ್‌ನಲ್ಲಿ. ತಾರಸಿಯಿಂದ ತಾರಸಿಗೆ ಓಡುವುದೇ ಆ ಆಟ. ಓಡಿಸಿ ಓಡಿಸಿ ಸಾಕಾಗಿ ನಡೆಸೋಕೆ ಬಂದರೇನೋ!

ಆ ದ್ವೀಪದಿಂದ ನಾನು ಕಲಿತದ್ದು ತಪ್ಪು ಪಾಠ. ನಿಧಾನ ಇದ್ದಷ್ಟೂ ಒಳ್ಳೇದು, ಇದ್ದದ್ದು ಇದ್ದ ಹಾಗೇ ಇಟ್ಟಷ್ಟೂ ಒಳ್ಳೇದು ಅಂದುಕೊಂಡೆ.

ಹಾಗಾಗಿ ದಸರಾ ರಜೆಯಲ್ಲಿ ಊರಿಗೆ ಹೋದವನು ಮೂವತ್ತು ಮೀಟರಿನ ಟೇಪು ತಗೊಂಡು ಹೋದೆ. ಇನ್ನೊಂದು ತುದಿ ಹಿಡಿಯೋಕೆ ದೊಡ್ಡಮ್ಮನ ಮೊಮ್ಮಗ. ಅಂಗಳದ ಮೆಟ್ಟಿಲಿಂದ ಕೊಟ್ಟಿಗೆ, ಕೊಟ್ಟಿಗೆಯಿಂದ ಬಾವಿ, ಬಾವಿ ದಾಟಿ ದಣಪೆ, ಆಮೇಲೆ ತೋಟದೊಳಗಿನ ದಾರಿ, ಕೊನೆಗೆ ಹಳ್ಳದ ಸಂಕ, ಅಂದರೆ ಕಾಲುಸೇತುವೆ. ಒಟ್ಟು 780 ಮೀಟರ್. ಒಂದೊಂದು ತಿರುವನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ. ಆಟ ಕಟ್ಟುವ ಸಾಫ್ಟ್‌ವೇರ್ ಅನ್‌ರಿಯಲ್ ಎಂಜಿನ್‌ನಲ್ಲಿ ಒಂದು ಯೂನಿಟ್ ಅಂದರೆ ಒಂದು ಸೆಂಟಿಮೀಟರ್, ಹಾಗಾಗಿ ಲೆಕ್ಕ ನೇರ. ಅಳೆದದ್ದನ್ನು ಅಳೆದ ಹಾಗೇ ಇಳಿಸಿದೆ.

ಇನ್ನು ನಡೆಯುವ ವೇಗ. ಅನ್‌ರಿಯಲ್‌ನಲ್ಲಿ ಹೊಸ ಕ್ಯಾರೆಕ್ಟರ್ ಇಟ್ಟರೆ ಅದರ ವೇಗ 600 ಅಂತ ಇರುತ್ತೆ. ಸೆಕೆಂಡಿಗೆ 6 ಮೀಟರ್, ಅಂದರೆ ಗಂಟೆಗೆ 21 ಕಿಲೋಮೀಟರಿಗೂ ಜಾಸ್ತಿ. ಯಾರು ನಡೀತಾರೆ ಸ್ವಾಮಿ ಈ ಸ್ಪೀಡಲ್ಲಿ, ಹುಲಿ ಬೆನ್ನಿಗೆ ಬಿದ್ದವರಾ ಅಂತ ನಕ್ಕು 140 ಮಾಡಿದೆ. ಮನುಷ್ಯ ಸಹಜವಾಗಿ ನಡೆಯೋದು ಹೆಚ್ಚುಕಡಿಮೆ ಅಷ್ಟೇ. 780ನ್ನು 1.4ರಿಂದ ಭಾಗಿಸಿ ನೋಡಿ, 557 ಸೆಕೆಂಡು. ಅಂಗಳದಿಂದ ಹಳ್ಳಕ್ಕೆ ಒಂಬತ್ತು ನಿಮಿಷಕ್ಕೂ ಮೇಲೆ. ಊರಲ್ಲೂ ಅಷ್ಟೇ ಆಗೋದು! ಆ ದಿನ ನನಗಾದ ಖುಷಿ ಹೇಳಬಾರದು.

ಅದು ಯಾಕೆ ತಪ್ಪು ಅನ್ನೋದು ಅರ್ಥ ಆಗೋಕೆ ನನಗೆ ಒಂದು ವರ್ಷ ಬೇಕಾಯಿತು, ಅದಕ್ಕೇ ಬಿಡಿಸಿ ಹೇಳ್ತೇನೆ. ತೋಟದಲ್ಲಿ ನಿಜವಾಗಿ ನಡೆಯುವಾಗ ನಾವು ಬರೀ ನಡೀತಿರೋದಿಲ್ಲ. ಪಾಚಿ ಕಟ್ಟಿದ ಕಲ್ಲು ಯಾವುದು, ಕಾಲು ಎಲ್ಲಿ ಇಡಬೇಕು ಅಂತ ಮೈ ತಾನಾಗೇ ನೋಡ್ತಿರುತ್ತೆ. ಹತ್ತು ಹೆಜ್ಜೆಗೊಮ್ಮೆ ಇಂಬಳ ಹತ್ತಿತಾ ಅಂತ ಬಗ್ಗಿ ಕಾಲು ನೋಡ್ಕೋತೇವೆ. ಗೊಬ್ಬರಗುಂಡಿ ದಾಟಿದ್ದು ಮೂಗಿಗೆ ಗೊತ್ತಾಗುತ್ತೆ. ಕಣ್ಣಿನ ಎರಡೂ ಅಂಚಲ್ಲಿ ಅಡಿಕೆಮರಗಳು ಹಿಂದಕ್ಕೆ ಸರೀತಿರುತ್ತವೆ, ನಾವು ಮುಂದೆ ಹೋಗ್ತಿದ್ದೇವೆ ಅನ್ನೋ ಅನುಭವ ಬರೋದೇ ಆ ಅಂಚಿನಿಂದ. ಮೇಜಿನ ಮೇಲಿನ ಮಾನಿಟರಿಗೆ ಆ ಅಂಚು ಇಲ್ಲ. ಎದುರಿಗೊಂದು ಕಿಟಕಿ, ಅದರೊಳಗೆ ತೋಟ. ಅದೇ ವೇಗ ಅಲ್ಲಿ ಕಡಿಮೆಯಾಗಿ ಕಾಣುತ್ತೆ. ಆಡುವವನ ಮೈಗೆ ಇರೋ ಕೆಲಸ ಒಂದೇ, ಮುಂದೆ ನಡೆಸುವ ಡಬ್ಲ್ಯೂ ಕೀ ಮೇಲೆ ಒಂದು ಬೆರಳು. ಒಂಬತ್ತು ನಿಮಿಷ ಒಂದು ಬೆರಳು ಒತ್ತಿ ಹಿಡೀರಿ ಅಂತ ನಾನು ಜನರಿಗೆ ಹೇಳಿದ್ದೆ.

(ಕೊಟ್ಟಿಗೆ ಬಾಗಿಲಿನದೂ ಇದೇ ಕಥೆ. ಊರಲ್ಲಿ ಅದು ಐದಡಿ, ಬಗ್ಗಿ ಹೋಗಬೇಕು. ಹಾಗೇ ಮಾಡಿಟ್ಟೆ. ಆಡಿದವರೆಲ್ಲ ಬಾಗಿಲಿಗೆ ತಲೆ ಕೊಟ್ಟು ನಿಂತು “ಬಗ್ ಇದೆ” ಅಂದರು.)

ದಾರಿಯುದ್ದಕ್ಕೂ ದೊಡ್ಡಮ್ಮನ ದನಿ ಇಟ್ಟಿದ್ದೆ. ಜಗಲಿಯಲ್ಲಿ ಕೂರಿಸಿಕೊಂಡು ಮೂರು ಸಂಜೆ ರೆಕಾರ್ಡ್ ಮಾಡಿದ 22 ತುಣುಕು. ಒಂದೊಂದು ಇಪ್ಪತ್ತು ಸೆಕೆಂಡಿನ ಆಸುಪಾಸು. ಬಾವಿ ತೋಡಿಸಿದ ವರ್ಷದ ಬರ, ಕೊಟ್ಟಿಗೆಯಲ್ಲಿ ಹುಟ್ಟಿದ ಎರಡು ತಲೆ ಕರು (ಇದು ಸುಳ್ಳು, ಆದರೆ ಅವರು ಪ್ರತಿ ಸಲ ಹೇಳ್ತಾರೆ), ಸಂಕ ಕೊಚ್ಚಿಹೋದ ಮಳೆಗಾಲ. ಸುಮಾರು 35 ಮೀಟರಿಗೆ ಒಂದು ಟ್ರಿಗರ್ ಬಾಕ್ಸ್. ಅದನ್ನು ದಾಟಿದರೆ ಆ ಜಾಗದ ಮಾತು ಶುರು.

ಹದಿನಾಲ್ಕು ತಿಂಗಳು ರಾತ್ರಿ ಕೂತು ಮಾಡಿದೆ. ಕೊನೆಯ ಮೂರು ತಿಂಗಳು ಸಂಬಳವಿಲ್ಲದ ರಜೆ. ಬೆಂಗಳೂರಿನಲ್ಲಿ ನನ್ನಂಥವರು ಸೇರುವ ಕಡೆ ಒಂದು ಭಾನುವಾರ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಹನ್ನೊಂದು ಜನ ಆಡಿದರು. ಹಳ್ಳದವರೆಗೆ ಹೋದವರು ಮೂವರು. ಒಬ್ಬ ಹುಡುಗ ಎಡಗೈಲಿ ಡಬ್ಲ್ಯೂ ಒತ್ತಿಹಿಡಿದು ಬಲಗೈಲಿ ಫೋನು ತೆಗೆದ. ನನ್ನ ಎದುರಿಗೇ!

ಆಗ ನಾನು ಮಾಡಿದ್ದು ಈಗ ನೀವು ಮಾಡಬೇಕು ಅಂತಿರೋ ಕೆಲಸವನ್ನೇ. ಓಡುವ ಬಟನ್ ಕೊಟ್ಟೆ. ಶಿಫ್ಟ್ ಒತ್ತಿದರೆ ಸೆಕೆಂಡಿಗೆ 5 ಮೀಟರ್.

ಮುಂದಿನ ಸಲ ಆಡಿದವರಲ್ಲಿ ಒಬ್ಬರೂ ಶಿಫ್ಟಿನಿಂದ ಬೆರಳು ತೆಗೆಯಲಿಲ್ಲ. ಓಡೋಕೆ ಬಿಟ್ಟರೆ ಜನ ಓಡ್ತಾರೆ, ಅದರಲ್ಲಿ ಅವರ ತಪ್ಪಿಲ್ಲ. ಆದರೆ 35 ಮೀಟರ್ ಓಡೋಕೆ ಏಳು ಸೆಕೆಂಡು, ದೊಡ್ಡಮ್ಮನ ಒಂದು ಮಾತಿಗೆ ಇಪ್ಪತ್ತು. ಮೊದಲನೇದು ಮುಗಿಯೋ ಮುಂಚೆ ಎರಡನೇದು, ಅದರ ಮೇಲೆ ಮೂರನೇದು. ಮೂವರು ದೊಡ್ಡಮ್ಮಂದಿರು ಒಟ್ಟಿಗೆ ಮಾತಾಡ್ತಿದ್ದರು, ಮದುವೆಮನೆ ಅಡುಗೆಕೋಣೆ ಹಾಗೆ. ಸರಿ, ಮಾತುಗಳನ್ನು ಸಾಲಾಗಿ ನಿಲ್ಲಿಸಿದೆ, ಒಂದು ಮುಗಿದ ಮೇಲೆ ಇನ್ನೊಂದು. ಆಗ ಓಡುವವನು ಎರಡೂವರೆ ನಿಮಿಷದಲ್ಲಿ ಸಂಕದ ಮೇಲೆ ನಿಂತಿರ್ತಾನೆ, ದೊಡ್ಡಮ್ಮ ಎಂಟನೇ ತುಣುಕಿನಲ್ಲಿ ಇನ್ನೂ ಬಾವಿಕಟ್ಟೆ ಹತ್ತಿರ ಹಗ್ಗ ಸುತ್ತುತ್ತಾ ಇರ್ತಾರೆ. ಎದುರಿಗೆ ನೀರು ಹರೀತಿದೆ, ಕಿವಿಯಲ್ಲಿ ಬರಗಾಲ.

ಕೊನೆಗೆ ಸತ್ಯ ಹೇಳಿದ್ದು ದೊಡ್ಡಮ್ಮನೇ. ಯುಗಾದಿಗೆ ಊರಿಗೆ ಲ್ಯಾಪ್‌ಟಾಪ್ ತಗೊಂಡು ಹೋಗಿ ಅವರ ಮುಂದೆ ಇಟ್ಟೆ. ಮೌಸು, ಕೀಬೋರ್ಡು ಎರಡೂ ಒಟ್ಟಿಗೆ ಅವರಿಗೆ ಆಗಲಿಲ್ಲ, ಆಕಾಶ ನೋಡುತ್ತಾ ಬಾವಿಕಟ್ಟೆಗೆ ಡಿಕ್ಕಿ ಹೊಡೆದರು. ಹಾಗಾಗಿ ಮೊಮ್ಮಗ ನಡೆಸಿದ, ಅವರು ನೋಡಿದರು. ಶಿಫ್ಟ್ ಒತ್ತಬೇಡ ಅಂತ ನಾನು ಅವನಿಗೆ ಕಣ್ಣು ಬಿಟ್ಟಿದ್ದೆ. ತೋಟದ ಅರ್ಧಕ್ಕೆ ಬಂದಾಗ ದೊಡ್ಡಮ್ಮ ಕೇಳಿದರು: “ಎಂಥ ಮಾರಾಯ, ಹಳ್ಳ ಇಷ್ಟು ದೂರ ಉಂಟಾ?”

“ಅಳತೆ ಹಾಕಿ ಮಾಡಿದ್ದು ದೊಡ್ಡಮ್ಮಾ, ಒಂದು ಮೀಟರೂ ಹೆಚ್ಚುಕಡಿಮೆ ಇಲ್ಲ.”

“ಅಳತೆ ಇರಬಹುದು. ಆದರೆ ನಾವು ಹೋಗುವಾಗ ಜೊತೆಗೆ ಒಬ್ಬರು ಇರ್ತಿದ್ದರು, ಮಾತಾಡ್ತಾ ಹೋಗ್ತಿದ್ದೆವು. ಇದರಲ್ಲಿ ನಾನೊಬ್ಬಳೇ ವಟಗುಟ್ಟೋದು, ಇವನು ಬಾಯಿ ಬಿಡೋದಿಲ್ಲ.”

ಅಷ್ಟು ಹೇಳಿ ಕಾಫಿಗೆ ಹಾಲು ಇಡೋಕೆ ಎದ್ದು ಹೋದರು. ನಾನು ಅಲ್ಲೇ ಕೂತೆ.

ಫೈರ್‌ವಾಚ್ ಆಡಿದ್ದೀರಾ? 2016ರದ್ದು. 1989ರ ಬೇಸಿಗೆ, ಅಮೆರಿಕದ ವಯೋಮಿಂಗ್ ಕಾಡು, ಅದರ ಹಿಂದಿನ ವರ್ಷ ಯೆಲ್ಲೋಸ್ಟೋನ್‌ಗೆ ದೊಡ್ಡ ಬೆಂಕಿ ಬಿದ್ದಿತ್ತು. ಹೆನ್ರಿ ಅನ್ನೋನು ಕಾಡ್ಗಿಚ್ಚು ಕಾಯುವ ಗೋಪುರದಲ್ಲಿ ಒಬ್ಬನೇ. ಇನ್ನೊಂದು ಗೋಪುರದಲ್ಲಿ ಡೆಲೈಲಾ, ಅವಳು ವಾಕಿಟಾಕಿಯಲ್ಲಿ ಮಾತ್ರ. ಅವನು ಒಂದು ಬಂಡೆಯಿಂದ ಇನ್ನೊಂದಕ್ಕೆ ನಡೀತಾನೆ, ಅವಳು ಏನೋ ಕೇಳ್ತಾಳೆ, ಏನು ಹೇಳೋದು ಅಂತ ನಾವು ಆರಿಸಬೇಕು, ಅದೂ ಬೇಗ. ಸುಮ್ಮನಿದ್ದರೆ ಆ ಮೌನವೂ ಉತ್ತರವೇ. ಆ ಆಟದಲ್ಲಿ ಜಾಗಿಂಗ್ ಮಾಡೋಕೆ ಬಟನ್ ಇದೆ. ಆದರೂ ಅವಳು ಮಾತಾಡುವಾಗ ನಾನು ಓಡಿದ್ದು ನೆನಪಿಲ್ಲ. ದೊಡ್ಡಮ್ಮ ಹೇಳಿದ್ದು ಇದನ್ನೇ. ನಾನು ಆ ಆಟವನ್ನು ಎರಡು ಸಲ ಮುಗಿಸಿದ್ದೆ, ಆದರೂ ಗೊತ್ತಾಗಿರಲಿಲ್ಲ.

ಆಮೇಲೆ ದಾರಿಯನ್ನು ಮಡಚಿದೆ. 780 ಮೀಟರನ್ನು 260ಕ್ಕೆ ತಂದೆ, ವೇಗ 220, ಎರಡು ನಿಮಿಷದ ಒಳಗೆ ಹಳ್ಳ. ಇಡೀ ಆಟಕ್ಕೆ ಏಳು ಮಾತು ಸಾಕಾಯಿತು. ದೊಡ್ಡಮ್ಮ ಒಂದು ಪ್ರಶ್ನೆ ಕೇಳಿದಾಗ ನೀವು ನಿಂತು ತಲೆ ಆಡಿಸಬಹುದು, ಇಲ್ಲಾ ಹಾಗೇ ಮುಂದೆ ಹೋಗಬಹುದು. ಹೋದರೆ “ಕಿವಿ ಕೇಳೋದಿಲ್ಲ ಇವನಿಗೆ” ಅಂತಾರೆ. ಎಲ್ಲರೂ ನಗೋದು ಅಲ್ಲೇ.

ಆದರೆ ಕಳೆದುಕೊಂಡದ್ದು ಬೇರೆ ಇದೆ. ಹಳೇ ರೆಕಾರ್ಡಿಂಗಿನಲ್ಲಿ “ಇನ್ನು ಎರಡು ತಿರುವು ಹೋದರೆ ಹಲಸಿನ ಮರ” ಅಂಥ ಮಾತು ತುಂಬ ಇತ್ತು. ತಿರುವನ್ನೇ ತೆಗೆದೆನಲ್ಲ, ಒಂಬತ್ತು ತುಣುಕು ಕೆಲಸಕ್ಕೆ ಬಾರದ ಹಾಗಾದವು. ಮತ್ತೆ ರೆಕಾರ್ಡ್ ಮಾಡೋಣ ಅಂತ ಹೋದರೆ ದೊಡ್ಡಮ್ಮ ಅಷ್ಟರಲ್ಲಿ ಹಲ್ಲಿನ ಸೆಟ್ಟು ಹಾಕಿಸಿಕೊಂಡಿದ್ದರು. ಸಂಕ, ಸೋಗೆ, ಹಲಸು, ಎಲ್ಲದರ ‘ಸ’ ಬದಲಾಗಿತ್ತು. ಸೆಟ್ಟು ತೆಗೆದು ಮಾತಾಡಿ ಅಂತ ಕೇಳೋಕೆ ನನಗೆ ಧೈರ್ಯ ಸಾಲಲಿಲ್ಲ. ಹಳೇದು ಹೊಸದು ಸೇರಿಸಿದರೆ ಇಬ್ಬರು ಹೆಂಗಸರ ಹಾಗೆ ಕೇಳುತ್ತೆ. ಬರಗಾಲದ ಕಥೆ ಹಾಗೇ ಹೋಯಿತು.

ಈಗ ನಿಮ್ಮ ಪ್ರಶ್ನೆ. ಓಡುವ ಬಟನ್ ಬೇಕೋ ಬೇಡವೋ ಅನ್ನೋದು ಪ್ರಶ್ನೆಯೇ ಅಲ್ಲ. ಜನ ಯಾಕೆ ಓಡಬೇಕು ಅಂದುಕೊಳ್ತಾರೆ, ಅದನ್ನು ನೋಡಿ. ಡಿಯರ್ ಎಸ್ತರ್ ಮಾಡಿದ ಚೈನೀಸ್ ರೂಮ್‌ನವರೇ 2015ರಲ್ಲಿ ಎವ್ರಿಬಡೀಸ್ ಗಾನ್ ಟು ದ ರ‍್ಯಾಪ್ಚರ್ ತಂದರು, ಇಂಗ್ಲೆಂಡಿನ ಶ್ರಾಪ್‌ಶೈರ್ ಸೀಮೆಯ ಒಂದು ಖಾಲಿ ಹಳ್ಳಿ. ಸಂಗೀತಕ್ಕೆ, ಶಬ್ದಕ್ಕೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಬಂದ ಆಟ. ಅದರಲ್ಲಿ ಕಂಟ್ರೋಲರಿನ ಆರ್2 ಬಟನ್ ಒತ್ತಿ ಹಿಡಿದರೆ ನಡಿಗೆ ನಿಧಾನಕ್ಕೆ ಜೋರಾಗುತ್ತೆ, ಆದರೆ ಬಿಡುಗಡೆಯಾದಾಗ ಅದನ್ನು ಆಡುವವರಿಗೆ ಸರಿಯಾಗಿ ತಿಳಿಸಿರಲಿಲ್ಲ. ಆಮೇಲೆ ಮಾಡಿದವರೇ ವಿವರಿಸಬೇಕಾಯಿತು. ನನ್ನ ಲೆಕ್ಕದಲ್ಲಿ ಆ ಹಳ್ಳಿಯ ತೊಂದರೆ ಬಟನ್ನಿನದಲ್ಲ, ಎರಡು ಮನೆಗಳ ನಡುವೆ ಸುಮ್ಮನೆ ಬಿದ್ದಿರೋ ರಸ್ತೆಯದು. ಆದರೂ ಅದು ನನಗೆ ಇಷ್ಟವಾದ ಆಟವೇ.

ದೆವ್ವ ಬೇಡ. ದಯವಿಟ್ಟು ಬೇಡ. ಹಳೇ ಮನೆ, ಮಳೆ, ಕತ್ತಲೆ ಇದ್ದರೆ ಆಡುವವನು ದೆವ್ವವನ್ನು ತಾನೇ ತರ್ತಾನೆ. 2013ರ ಗಾನ್ ಹೋಮ್ ನೋಡಿ. 1995ರ ಒಂದು ಗುಡುಗಿನ ರಾತ್ರಿ, ಅಮೆರಿಕದ ಆರೆಗಾನ್‌ನ ದೊಡ್ಡ ಮನೆ, ಒಳಗೆ ಯಾರೂ ಇಲ್ಲ. ನಾನು ಒಂದೊಂದು ಕೋಣೆಗೂ ದೀಪ ಹಾಕಿಕೊಂಡೇ ಹೋದೆ, ಎದೆ ಡವಡವ. ಸಿಕ್ಕಿದ್ದು ತಂಗಿ ಬರೆದಿಟ್ಟ ಕಾಗದಗಳು. ಅಲ್ಲಿ ಒಂದು ದೆವ್ವ ಬಂದಿದ್ದರೆ ಆಟ ಅಲ್ಲಿಗೇ ಸತ್ತುಹೋಗ್ತಿತ್ತು. ಇನ್ನೊಂದು, ಒಂದೇ ಮನೆಯಲ್ಲಿ ಇಡೀ ಆಟ ಮುಗಿಯುತ್ತೆ. ನಿಮಗೆ ಗುಡ್ಡ ಯಾಕೆ? ಜಗಲಿ, ಅಡುಗೆಮನೆ, ಬಚ್ಚಲೊಲೆ, ಅಟ್ಟ ಇಷ್ಟರಲ್ಲೇ ಮುಗಿಸಿ.

ಪಝಲ್ ಬಗ್ಗೆ ಹೆಚ್ಚು ಹೇಳೋದಿಲ್ಲ. ಕೀಲಿಕೈ ಹುಡುಕಿಸೋದು, ನಾಲ್ಕು ಅಂಕಿಯ ಬೀಗ, ಇದೆಲ್ಲ ಅಜ್ಜನ ಮನೆಗೆ ಹೊಂದೋದಿಲ್ಲ. ಕೈಗೆ ಕೆಲಸ ಕೊಡಬೇಕು ಅಂದರೆ ಆ ಮನೆಯಲ್ಲಿ ಇರೋ ಕೆಲಸ ಕೊಡಿ. ವಾಟ್ ರಿಮೇನ್ಸ್ ಆಫ್ ಎಡಿತ್ ಫಿಂಚ್ ಅನ್ನೋ ಆಟದಲ್ಲಿ ಒಂದು ಕೈಲಿ ಮೀನಿನ ತಲೆ ಕತ್ತರಿಸುತ್ತಾ ಇನ್ನೊಂದು ಕೈಲಿ ಹುಡುಗನ ಹಗಲುಗನಸಿನೊಳಗೆ ನಡೆಸಬೇಕು. ಅಲ್ಲಿ ಕೆಲಸವೇ ಕಥೆ. ನಿಮ್ಮಲ್ಲಿ ಅಡಿಕೆ ಸುಲಿಯೋದು ಇದ್ದೇ ಇದೆಯಲ್ಲ?

ಎಲೆ, ಹೆಂಚು, ಪಾಚಿ ಎಲ್ಲ ಈಗ ಬದಿಗಿಡಿ. ಬರೀ ಬೂದು ಡಬ್ಬಿಗಳಲ್ಲಿ ಮನೆ ಮಾಡಿ, ಅಜ್ಜ ಇದ್ದರೆ ಅವರ ಮಾತು, ಇಲ್ಲದಿದ್ದರೆ ನಿಮ್ಮದೇ ದನಿ ಹಾಕಿ, ಆಟ ಆಡಿ ಗೊತ್ತಿಲ್ಲದ ಒಬ್ಬರ ಪಕ್ಕ ಪೆನ್ನು ಕಾಗದ ಹಿಡಿದು ಕೂತುಕೊಳ್ಳಿ. ಯಾವ ಜಾಗದಲ್ಲಿ ಅವರ ಕೈ ಫೋನಿಗೆ ಹೋಯಿತು ಅಂತ ಬರೀರಿ. ನಡುವೆ ಬಾಯಿ ಹಾಕಬೇಡಿ, ಅದು ಭಾರೀ ಕಷ್ಟ. ಅಜ್ಜನ ದನಿ ಸಿಗೋ ಹಾಗಿದ್ದರೆ ದಾರಿ ಪಕ್ಕಾ ಆಗೋವರೆಗೆ ಕಾಯಬೇಡಿ, ಈ ವಾರವೇ ಹೋಗಿ. ಆದರೆ “ಎಡಕ್ಕೆ ತಿರುಗು, ಮುಂದೆ ಹೋಗು” ಅಂತ ಮಾತ್ರ ಹೇಳಿಸಬೇಡಿ.

ಆಡೋಕೆ ಬರುವಂಥ ಬಿಲ್ಡ್ ಇದ್ದರೆ ಕೆಳಗೆ ಹಾಕಿ, ಭಾನುವಾರ ಆಡಿ ನೋಡ್ತೇನೆ. ಶಿಫ್ಟ್ ಮುಟ್ಟೋದಿಲ್ಲ.