ಲಾಕರ್, ಗೀಚುಚಿತ್ರ, ಆರನೇ ಕ್ಲಾಸಿನ ಬಡಾಯಿಗಾರ

ಅಮೆರಿಕದ ಮಿಡ್ಲ್ ಸ್ಕೂಲ್ ಹುಡುಗರ ದಿನಚರಿಯಂತೆ ಸಾಗುವ, ಪುಟಪುಟಕ್ಕೂ ಗೆರೆಚಿತ್ರವಿರುವ ನಗೆಕಾದಂಬರಿಗಳ ಬಗ್ಗೆ ಬಂದ ಪತ್ರಗಳಿಗೆ ಈ ಸಲ ಉತ್ತರ.

ಪ್ರಶ್ನೆ: ಆರನೇ ಕ್ಲಾಸಿನ ಮಗ ‘ಡೈರಿ ಆಫ್ ಎ ವಿಂಪಿ ಕಿಡ್’ ಸರಣಿ ಬಿಟ್ಟು ಬೇರೆ ಪುಸ್ತಕ ಮುಟ್ಟುವುದಿಲ್ಲ. ಅದರ ನಾಯಕ ಸ್ವಾರ್ಥಿ, ಪ್ರಾಣಸ್ನೇಹಿತನಿಗೇ ಟೋಪಿ ಹಾಕುತ್ತಾನೆ. ಇದನ್ನು ಓದಿ ಹುಡುಗ ಏನು ಕಲಿತಾನು? ಅರ್ಧ ಪುಟ ಚಿತ್ರವೇ ಇದ್ದರೆ ಅದನ್ನು ಓದು ಅನ್ನಬಹುದೇ?
— ಒಬ್ಬ ತಾಯಿ, ಹಾಸನ

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರ. ಜೆಫ್ ಕಿನ್ನಿ ಅವರ ಈ ಕಥೆ 2004ರಲ್ಲಿ ಮಕ್ಕಳ ವೆಬ್‌ಸೈಟೊಂದರಲ್ಲಿ ಶುರುವಾಗಿ 2007ರಲ್ಲಿ ಪುಸ್ತಕವಾಯಿತು. ಆ ಮೊದಲ ಪುಸ್ತಕದಲ್ಲೇ ಸುಮಾರು 20 ಸಾವಿರ ಪದಗಳಿವೆ. ಚಿತ್ರದ ನೆಪದಲ್ಲಿ ಅಷ್ಟನ್ನೂ ಓದಿ ಮುಗಿಸುವ ಹುಡುಗನಿಗೆ ಓದು ಬರುತ್ತಿಲ್ಲ ಅನ್ನಲಾಗದು.

ಇನ್ನು ನಾಯಕನ ಗುಣದ ಮಾತು. ಈ ಬಗೆಯ ಪುಸ್ತಕಗಳ ಗುಟ್ಟೇ ಅದು: ಹುಡುಗ ಬರೆಯುವುದು ಒಂದು, ಚಿತ್ರ ತೋರಿಸುವುದು ಇನ್ನೊಂದು. ‘ನಾನು ಎದೆಗೊಟ್ಟು ನಿಂತೆ’ ಎಂದು ಬರಹ. ಕೆಳಗಿನ ಚಿತ್ರದಲ್ಲಿ ಕಸದ ಡಬ್ಬಿಯ ಹಿಂದಿನಿಂದ ಇಣುಕುವ ಎರಡು ಶೂ. ನಗು ಹುಟ್ಟುವುದು ಆ ಎರಡರ ನಡುವಿನ ಸಂದಿನಲ್ಲಿ. ನಗಬೇಕಾದರೆ ಓದುವವನು ಆ ಬಡಾಯಿಯನ್ನು ಆಗಲೇ ಹಿಡಿದಿರಬೇಕು. ಒಂದು ಪುಟ ತೆಗೆದು, ‘ಇವನು ಹೇಳಿದ್ದು ನಿಜವಾ?’ ಎಂದಷ್ಟೇ ಕೇಳಿ. ‘ಸುಳ್ಳು ಬಿಡ್ತಿದಾನೆ ಅಮ್ಮ’ ಅಂದರೆ ಚಿಂತೆ ಬಿಡಿ. ಎರಡು-ಮೂರನೇ ಕ್ಲಾಸಿನ ಮಕ್ಕಳಿಗೆ ಮಾತ್ರ ಇದು ಬೇಗ. ಅವರು ಬರಹವನ್ನೇ ನಂಬಿಬಿಡುತ್ತಾರೆ, ಅಡ್ಡಹೆಸರುಗಳನ್ನು ಹಾಗೇ ಶಾಲೆಗೆ ಹೊತ್ತೊಯ್ಯುತ್ತಾರೆ. ಅಂದಹಾಗೆ, ‘ಇದರಿಂದ ಏನು ನೀತಿ ಕಲಿತೆ?’ ಅಂತ ಮಾತ್ರ ಕೇಳಬೇಡಿ. ಪುಸ್ತಕ ಅಲ್ಲಿಗೇ ಮುಚ್ಚಿಹೋಗುತ್ತದೆ.

ಪ್ರಶ್ನೆ: ನಮ್ಮ ಶಾಲೆಯ ಲೈಬ್ರರಿಗೆ ಇಂಥ ಕೆಲವು ಪುಸ್ತಕ ತರಿಸಿದೆವು. ಲಾಕರ್, ಹೋಮ್‌ರೂಮ್, ಡಿಟೆನ್ಶನ್ ಬಂದ ಕಡೆ ಮಕ್ಕಳು ಪಿಳಿಪಿಳಿ ಕಣ್ಣು ಬಿಡುತ್ತಾರೆ. ಹೇಗೆ ವಿವರಿಸಲಿ?
— ಶಿಕ್ಷಕಿ, ಶಿರಸಿ

ಉತ್ತರ: ಒಂದು ಸಂಗತಿ ತಿಳಿದರೆ ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ. ನಮ್ಮಲ್ಲಿ ಬೆಲ್ ಹೊಡೆದರೆ ಮೇಷ್ಟ್ರು ಬದಲಾಗುತ್ತಾರೆ, ಮಕ್ಕಳು ಕೂತಲ್ಲೇ ಕೂತಿರುತ್ತಾರೆ. ಅಲ್ಲಿ ಮೇಷ್ಟ್ರು ಕೂತಲ್ಲೇ ಇರುತ್ತಾರೆ, ಮಕ್ಕಳು ಕೋಣೆಯಿಂದ ಕೋಣೆಗೆ ಓಡುತ್ತಾರೆ. ಮಿಡ್ಲ್ ಸ್ಕೂಲ್ ಅಂದರೆ ಸಾಮಾನ್ಯವಾಗಿ ಆರರಿಂದ ಎಂಟನೇ ಕ್ಲಾಸು, 11ರಿಂದ 14ರ ವಯಸ್ಸು. ಐದನೇ ಕ್ಲಾಸಿನವರೆಗೆ ಹೆಚ್ಚಾಗಿ ಒಂದೇ ಕೋಣೆ, ಒಬ್ಬರೇ ಟೀಚರ್. ಆಮೇಲೆ ಒಂದೇ ಏಟಿಗೆ ಆರೇಳು ಟೀಚರು, ಆರೇಳು ಕೋಣೆ, ದೊಡ್ಡ ಹುಡುಗರ ದಂಡು. ಇಂಥ ನಡುಶಾಲೆಯ ಏರ್ಪಾಟು 1909ರಲ್ಲಿ ಒಹಾಯೊದ ಕೊಲಂಬಸ್‌ನಲ್ಲಿ ಜೂನಿಯರ್ ಹೈಸ್ಕೂಲ್ ಎಂಬ ಹೆಸರಲ್ಲಿ ಶುರುವಾದದ್ದು. ನಮ್ಮಲ್ಲಿ ಏಳರವರೆಗೆ ಪ್ರಾಥಮಿಕ ಶಾಲೆಯಾದ್ದರಿಂದ ಈ ಗಾಬರಿ ಎರಡು ವರ್ಷ ತಡವಾಗಿ ಬರುತ್ತದೆ. ‘ಹೈಸ್ಕೂಲಿನ ಮೊದಲ ದಿನ ನಿಮ್ಮ ಅಕ್ಕನಿಗೆ ಹೇಗಾಗಿತ್ತು ಕೇಳಿ’ ಅಂದುಬಿಡಿ, ಅರ್ಧ ಅರ್ಥವಾಗುತ್ತದೆ.

ಲಾಕರ್ ಅಂದರೆ ಹಜಾರದ ಗೋಡೆಗೆ ಸಾಲಾಗಿ ನಿಲ್ಲಿಸಿದ ಕಿರಿದಾದ ಕಬ್ಬಿಣದ ಬೀರು, ತಲೆಗೊಂದು. ಪುಸ್ತಕ, ಕೋಟು ಎಲ್ಲ ಅದರಲ್ಲಿ. ಬೀಗಕ್ಕೆ ಬೀಗದಕೈ ಇಲ್ಲ. 0ಯಿಂದ 39ರವರೆಗೆ ಅಂಕೆಗಳಿರುವ ತಿರುಗಣೆ, ನೆನಪಿಡಬೇಕಾದ ಮೂರು ಸಂಖ್ಯೆ. ಬಲಕ್ಕೆ ಮೂರು ಸುತ್ತು ತಿರುಗಿಸಿ ಮೊದಲ ಸಂಖ್ಯೆಗೆ ನಿಲ್ಲಿಸಬೇಕು. ಎಡಕ್ಕೆ ಒಂದು ಪೂರ್ತಿ ಸುತ್ತು ಹೊಡೆದು, ಆ ಮೊದಲ ಸಂಖ್ಯೆಯನ್ನು ಒಮ್ಮೆ ದಾಟಿ, ಎರಡನೆಯದಕ್ಕೆ ನಿಲ್ಲಿಸಬೇಕು. ಮತ್ತೆ ಬಲಕ್ಕೆ ನೇರವಾಗಿ ಮೂರನೆಯದಕ್ಕೆ, ಆಮೇಲೆ ಎಳೆಯಬೇಕು. ಒಳಗಿರುವ ಮೂರು ಬಿಲ್ಲೆಗಳಿಗೆ ಒಂದೊಂದು ಕಚ್ಚು. ಮೂರೂ ಒಂದೇ ಸಾಲಿಗೆ ಬಂದರೆ ಮಾತ್ರ ಬೀಗ ಬಿಡುತ್ತದೆ. ಸಂಖ್ಯೆ ದಾಟಿಹೋಯಿತೆಂದು ಚೂರು ಹಿಂದಕ್ಕೆ ತಿರುಗಿಸಿದರೆ ಕೂಡಿಸಿದ್ದ ಬಿಲ್ಲೆ ಜಾರುತ್ತದೆ, ಮತ್ತೆ ಮೊದಲಿಂದ. ಎರಡು ಪೀರಿಯಡ್ ನಡುವೆ ಸಿಗುವುದು ಸಾಮಾನ್ಯವಾಗಿ ಮೂರರಿಂದ ಐದು ನಿಮಿಷ. ಲಾಕರಿನ ಮುಂದೆ ಬೆವರುವ ಹುಡುಗನ ಚಿತ್ರ ಈ ಪುಸ್ತಕಗಳಲ್ಲಿ ಸುಮ್ಮನೆ ಬರುವುದಿಲ್ಲ. ರಟ್ಟಿನಲ್ಲಿ 40 ಗೆರೆಯ ತಿರುಗಣೆ ಮಾಡಿ, ಹಿಂದೆ ಒಬ್ಬರು ಬೆಲ್ ಹೊಡೆಯುತ್ತಿರುವಾಗ ಮಕ್ಕಳ ಕೈಲಿ ತಿರುಗಿಸಿ ನೋಡಿ.

ಹೋಮ್‌ರೂಮ್ ಬೆಳಗ್ಗೆ ಹಾಜರಿ ಕೂಗುವ ಕೋಣೆ. ಡಿಟೆನ್ಶನ್ ಶಾಲೆ ಬಿಟ್ಟ ಮೇಲೂ ಕೂರಿಸಿಕೊಳ್ಳುವ ಶಿಕ್ಷೆ. ಕೆಫೆಟೀರಿಯಾ ದೃಶ್ಯದಲ್ಲಿ ಊಟ ಮುಖ್ಯವಲ್ಲ. ತಟ್ಟೆ ಹಿಡಿದು ನಿಂತವನನ್ನು ಯಾರು ಪಕ್ಕಕ್ಕೆ ಕೂರಿಸಿಕೊಳ್ಳುತ್ತಾರೆ ಅನ್ನುವುದೇ ಕಥೆ. ಬಿಸಿಯೂಟದ ಸಾಲಿನಲ್ಲಿ ಕೂತ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ: ನಾನು ಏಳನೇ ಕ್ಲಾಸು. ಕನ್ನಡದಲ್ಲಿ ನಾನೇ ಇಂಥದ್ದೊಂದು ಪುಸ್ತಕ ಮಾಡಬೇಕು ಅಂತಿದೀನಿ. ಚಿತ್ರ ಅಷ್ಟೇನೂ ಚಂದ ಬರಂಗಿಲ್ಲ. ಹೆಂಗ ಶುರು ಮಾಡಲಿ?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ಚಿತ್ರ ಚಂದ ಬರದಿದ್ದರೆ ಒಳ್ಳೆಯದೇ. ದಿನಚರಿ ಬರೆಯುವ ಹುಡುಗಿಯೇ ಗೀಚಿದ್ದು ಅಂತ ತಾನೇ ಓದುವವರು ನಂಬಬೇಕು!

ಎಂಟು ಎ4 ಹಾಳೆ ಒಟ್ಟಿಗೆ ಮಡಚು, 32 ಪುಟದ ಪುಸ್ತಕವಾಯಿತು. ಅದಕ್ಕಿಂತ ತುಂಬಾ ಹೆಚ್ಚಾದರೆ ಮಡಿಕೆ ಉಬ್ಬುತ್ತದೆ, ಪಿನ್ ಸರಿಯಾಗಿ ಕೂರುವುದಿಲ್ಲ. ಒಂದೊಂದು ಘಟನೆಗೆ ನಾಲ್ಕರಿಂದ ಆರು ಪುಟ ಬೇಕು, ಹಾಗಾಗಿ ಆರು ಘಟನೆ ಸಾಕು. ಅಮೆರಿಕದ ಲಾಕರು, ಹಳದಿ ಸ್ಕೂಲ್ ಬಸ್ಸು ಬೇಡ. ಪಿ.ಟಿ. ಪೀರಿಯಡ್‌ಗೆ ಗಣಿತದ ಸರ್ ಬಂದು ನಿಲ್ಲುವುದು, ಪ್ರಾರ್ಥನೆಯ ಹೊತ್ತಿಗೆ ಚಪ್ಪಲಿಯ ಉಂಗುಷ್ಟ ಕಿತ್ತು ಬರುವುದು: ಇಂಥವು ನಿನ್ನ ಹತ್ತಿರ ಬೇಕಾದಷ್ಟಿವೆ. ನಿಜವಾದ ಟೀಚರ್ ಹೆಸರು ಹಾಕಬೇಡ. ಇಬ್ಬರು ಮೂವರ ಅಭ್ಯಾಸ ಸೇರಿಸಿ ಒಬ್ಬರನ್ನು ಮಾಡು. ಮಾತು ನೀನು ಆಡುವ ಹಾಗೇ ಇರಲಿ. ‘ನಾ ಏನೂ ಮಾಡಿಲ್ರೀ ಸರ’ ಅನ್ನುವ ಕಡೆ ‘ನಾನು ಏನನ್ನೂ ಮಾಡಿಲ್ಲ ಗುರುಗಳೇ’ ಅಂತ ಬರೆದರೆ ನಗು ಸತ್ತಿತು.

ಕಥೆಗೆ ಕೈ ಹಾಕುವ ಮುಂಚೆ ನಾಯಕಿಯನ್ನು ಇಪ್ಪತ್ತು ಸಲ ಬಿಡಿಸು. ಗುಂಡು ತಲೆ, ಎರಡು ಜಡೆ, ತಲೆಯ ಮೂರು ಪಟ್ಟು ಎತ್ತರ: ಇಷ್ಟೇ ಇರಲಿ. ಎದುರಿನಿಂದ, ಬದಿಯಿಂದ, ಬೆನ್ನ ಕಡೆಯಿಂದ ಒಂದೊಂದು ಚಿತ್ರ ಬಿಡಿಸಿ ಗೋಡೆಗೆ ಅಂಟಿಸಿಕೋ. ಹೀಗೆ ಮಾಡದಿದ್ದರೆ ಹತ್ತನೇ ಪುಟಕ್ಕೆ ಅವಳ ಮುಖವೇ ಬೇರೆಯಾಗಿರುತ್ತದೆ. ಸಿಟ್ಟು, ಹೆದರಿಕೆ, ಕಳ್ಳನಗೆಗೆ ಹುಬ್ಬು-ಬಾಯಿ ಮಾತ್ರ ಬದಲಿಸು.

ಈಗ ಮುಖ್ಯವಾದದ್ದು. ಬರಹದಲ್ಲಿ ಹೇಳಿದ್ದನ್ನೇ ಚಿತ್ರದಲ್ಲಿ ತೋರಿಸಬೇಡ. ಚಿತ್ರವನ್ನು ಅಂಗೈಯಿಂದ ಮುಚ್ಚಿ ಓದು. ಜೋಕು ಪೂರ್ತಿ ಆದರೆ ಆ ಚಿತ್ರ ದಂಡ. ‘ಅವ್ವ ಒಂದ್ ಮಾತೂ ಬೈಲಿಲ್ಲ’ ಅಂತ ಬರೆದು, ಚಿತ್ರದಲ್ಲಿ ಬಾಗಿಲ ಹೊರಗೆ ನಿಂತ ನಾಯಕಿ, ಒಳಗಿನಿಂದ ಹಾರಿ ಬರುತ್ತಿರುವ ಲಟ್ಟಣಿಗೆ. ಇನ್ನೊಂದು ಉಪಾಯ: ಕುತೂಹಲದ ಸಾಲು ಬಲಗಡೆ ಪುಟದ ಕೊನೆಗೆ ಬರಲಿ, ಚಿತ್ರ ಹಾಳೆ ತಿರುವಿದ ಮೇಲೆ. ಎರಡೂ ಎದುರುಬದುರು ಬಿದ್ದರೆ ಕಣ್ಣು ಮೊದಲು ಚಿತ್ರಕ್ಕೇ ಹೋಗುತ್ತದೆ.

ಪಾತ್ರದ ಬಾಯಿಂದ ಹೊರಡುವ ಮಾತಿನ ಗುಳ್ಳೆ ಇದೆಯಲ್ಲ, ಅದರೊಳಗಿನ ಮಾತನ್ನು ಮೊದಲು ಬರೆ, ಆಮೇಲೆ ಸುತ್ತ ಗುಳ್ಳೆ ಎಳೆ. ಎಲ್ಲರೂ ತಿರುವುಮುರುವು ಮಾಡಿ ಕೊನೆಯ ಅಕ್ಷರವನ್ನು ಮೂಲೆಗೆ ತುರುಕುತ್ತಾರೆ. 2ಎಚ್ (ಗಟ್ಟಿ ಸೀಸದ) ಪೆನ್ಸಿಲಿನಲ್ಲಿ ತೆಳುವಾಗಿ ಬಿಡಿಸಿ, ನೀರಿಗೆ ಹರಡದ 0.5 ಮಿ.ಮೀ. ಕಪ್ಪು ಪೆನ್ನಿನಲ್ಲಿ ತಿದ್ದು. ಹತ್ತು ನಿಮಿಷ ಒಣಗಿದ ಮೇಲೆ ರಬ್ಬರು ಹಾಕು.

ಪ್ರಶ್ನೆ: ನಮ್ಮ ಡಿಟಿಪಿಯಲ್ಲಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕಡೆ) ಇಂಥದ್ದೇ ಕನ್ನಡ ಪುಸ್ತಕವೊಂದು ಸಿದ್ಧವಾಗುತ್ತಿದೆ. ಗುಳ್ಳೆಯಲ್ಲಿ ಮಾತು ಹಿಡಿಸುತ್ತಿಲ್ಲ, ಸಾಲುಗಳು ಒಂದಕ್ಕೊಂದು ತಾಗುತ್ತಿವೆ.
— ಪ್ರಕಾಶಕರು, ಮೈಸೂರು

ಉತ್ತರ: ಇಂಗ್ಲಿಷ್ ಗುಳ್ಳೆಗಳಲ್ಲಿ ಸಾಮಾನ್ಯವಾಗಿ ಬರೀ ದೊಡ್ಡಕ್ಷರ, ಸಾಲಿನ ಕೆಳಗೆ ಏನೂ ಇಳಿಯುವುದಿಲ್ಲ. ನಮ್ಮ ಒತ್ತಕ್ಷರ ಕೆಳಗಿಳಿಯುತ್ತದೆ. 14 ಪಾಯಿಂಟ್ ಅಕ್ಷರಕ್ಕೆ 21–22 ಪಾಯಿಂಟ್ ಸಾಲಂತರ (ಸಾಲಿನಿಂದ ಸಾಲಿಗೆ ದೂರ) ಕೊಡಿ. ಅಕ್ಷರ ಕುಗ್ಗಿಸಬೇಡಿ, ಮಾತನ್ನು ಕುಗ್ಗಿಸಿ: ‘ಮಾಡಬೇಕಾಗಿತ್ತಲ್ಲವೇ’ ಎಂಬುದು ‘ಮಾಡ್ಬೇಕಿತ್ತಲ್ವಾ’ ಆದರೆ ಗುಳ್ಳೆಯೂ ಉಳಿಯಿತು, ಮಾತೂ ಜೀವಂತವಾಯಿತು. ಪುಟವಿನ್ಯಾಸದ ಇನ್‌ಡಿಸೈನ್ ತಂತ್ರಾಂಶದಲ್ಲಿ ಯೂನಿಕೋಡ್ ಒತ್ತುಗಳು ಚೆದುರುತ್ತಿದ್ದರೆ, ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಆಯ್ಕೆ ಆರಿಸಿದ್ದೀರಾ ನೋಡಿ.

ಗೆರೆಚಿತ್ರವನ್ನು 600 ಡಿಪಿಐಗಿಂತ (ಇಂಚಿಗೆ 600 ಚುಕ್ಕೆ) ಕಡಿಮೆ ಸ್ಕ್ಯಾನ್ ಮಾಡಬೇಡಿ. ಕಲಾವಿದರು ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಗೆರೆಯ ಅಂಚು ಮಸುಕಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಕಾಗದ 80 ಜಿಎಸ್ಎಂ (ಚದರ ಮೀಟರಿಗೆ 80 ಗ್ರಾಂ ತೂಕ) ಇರಲಿ. 70ರಲ್ಲಿ ಕಪ್ಪು ತುಂಬಿದ ಜಾಗ ಹಿಂದಿನ ಪುಟದಲ್ಲಿ ಕಾಣುತ್ತದೆ. ಡೆಮಿ 1/8 ಅಳತೆಯ ಪುಸ್ತಕದಲ್ಲಿ ಫಾರಂಗೆ (ಮುದ್ರಿಸಿ ಮಡಚುವ ಒಂದು ದೊಡ್ಡ ಹಾಳೆಗೆ) 16 ಪುಟ. 200 ಪುಟವೆಂದರೆ ಹನ್ನೆರಡೂವರೆ ಫಾರಂ, ಅರ್ಧ ಫಾರಂನ ತಾಪತ್ರಯ. 192ಕ್ಕೆ ಇಳಿಸಿ, ಇಲ್ಲವೇ ಎಂಟು ಚಿತ್ರ ಹೆಚ್ಚಿಗೆ ಬರೆಸಿ 208 ಮಾಡಿ.

ಪ್ರಶ್ನೆ: ಮಗಳು ಇಲ್ಲಿ ಅಮೆರಿಕದಲ್ಲೇ ಆರನೇ ಕ್ಲಾಸು. ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಈ ಪುಸ್ತಕಗಳಿಂದ ಏನಾದರೂ ಉಪಯೋಗವಿದೆಯೇ?
— ಡಲ್ಲಾಸ್‌ನಿಂದ ಒಬ್ಬರು

ಉತ್ತರ: ಇದೆ. ಲಾಕರು, ಕೆಫೆಟೀರಿಯಾ ಅವಳದೇ ಪ್ರಪಂಚ. ಅವಳ ದಿನದ ಒಂದು ಪೇಚನ್ನು ಅವಳೇ ಬಿಡಿಸಲಿ, ಗುಳ್ಳೆ ಖಾಲಿ ಇರಲಿ, ಮಾತನ್ನು ಕನ್ನಡದಲ್ಲಿ ತುಂಬಿಸಿ. ಶುರುವಿಗೆ ಒತ್ತಕ್ಷರವಿಲ್ಲದ ಮಾತು: ‘ಓಡು’, ‘ಬೇಡ’, ‘ಯಾರು?’, ‘ಅವನೇ!’ ವಾರಕ್ಕೆ ಎರಡು ಚಿತ್ರ ಸಾಕು. ಒಂದು ತಿಂಗಳಾದ ಮೇಲೆ ‘ಅಯ್ಯೋ’ ಕಲಿಸಿ. ಮಿಡ್ಲ್ ಸ್ಕೂಲಿನಲ್ಲಿ ದಿನಕ್ಕೆ ಹತ್ತು ಸಲ ಬೇಕಾಗುವ ಮಾತು ಅದು, ಮೊದಲ ಒತ್ತಕ್ಷರವೂ ಆಯಿತು.