ಬಳ್ಳಾರಿ ಬೇಸಿಗೆಯಲ್ಲೂ ಹಾರ್ಮೋನಿಯಂ ಶ್ರುತಿ ನಿಲ್ಲುತ್ತದೆ, ಚರ್ಚಿನ ಪೈಪ್ ಆರ್ಗನ್ ಇಲ್ಲಿದ್ದರೆ ಅದರದ್ದು ನಿಲ್ಲುತ್ತದೆಯೇ?

ನಿಲ್ಲುವುದಿಲ್ಲ. ಹಾರ್ಮೋನಿಯಂನಲ್ಲಿ ಶ್ರುತಿ ಹಿಡಿದಿಡುವುದು ಹಿತ್ತಾಳೆಯ ರೀಡು, ಅಂದರೆ ಗಾಳಿಗೆ ಕಂಪಿಸುವ ತೆಳು ಪಟ್ಟಿ. ಪೈಪ್ ಆರ್ಗನ್‌ನ ಬಹುಪಾಲು ಕೊಳವೆಗಳಲ್ಲಿ ಒಳಗಿನ ಗಾಳಿ. ಬಿಸಿಲಿಗೆ ರೀಡು ಅಷ್ಟಾಗಿ ಜಗ್ಗುವುದಿಲ್ಲ, ಗಾಳಿ ಜಗ್ಗುತ್ತದೆ.

ಗಾಳಿ ಕಾದಂತೆ ಅದರಲ್ಲಿ ಶಬ್ದದ ವೇಗ ಹೆಚ್ಚುತ್ತದೆ. ಕೊಳವೆಯ ಉದ್ದ ಮಾತ್ರ ಅಷ್ಟೇ ಇರುವುದರಿಂದ ಶ್ರುತಿ ಮೇಲೇರುತ್ತದೆ. 25 ಡಿಗ್ರಿಯಲ್ಲಿ ಸೆಕೆಂಡಿಗೆ 440 ಕಂಪನಕ್ಕೆ ಕೂಡಿಸಿದ ಕೊಳವೆ, ಏಪ್ರಿಲ್ ಮಧ್ಯಾಹ್ನ ಒಳಗಿನ ಗಾಳಿ 40 ಡಿಗ್ರಿ ಮುಟ್ಟಿದರೆ ಸುಮಾರು 451ಕ್ಕೆ ಹೋಗುತ್ತದೆ. ಅಂದರೆ ಅರ್ಧ ಸ್ವರಸ್ಥಾನಕ್ಕೆ ತುಸು ಕಡಿಮೆ. ಕೊಳಲು ನುಡಿಸುವವರಿಗೆ ಈ ಕಾಟ ಹೊಸದಲ್ಲ.

ಎಲ್ಲ ಕೊಳವೆಗಳೂ ಒಟ್ಟಿಗೆ ಏರಿದ್ದರೆ ಕೇಳುಗರಿಗೆ ಗೊತ್ತೇ ಆಗುತ್ತಿರಲಿಲ್ಲ. ಆದರೆ ಅದೇ ವಾದ್ಯದಲ್ಲಿ ಟ್ರಂಪೆಟ್, ಓಬೋ ಎಂಬ ಹೆಸರಿನ ರೀಡು ಕೊಳವೆಗಳೂ ಇರುತ್ತವೆ, ಅವು ಹೆಚ್ಚುಕಡಿಮೆ ಇದ್ದಲ್ಲೇ ಉಳಿಯುತ್ತವೆ. ಎರಡನ್ನೂ ಕೂಡಿಸಿ ನುಡಿಸಿದಾಗ ನಾದ ಅಲೆಅಲೆಯಾಗಿ ನಡುಗುತ್ತದೆ, ಕಿವಿಗೆ ಹಿಂಸೆ.

ರೀಡು ಕೊಳವೆಗಳ ಸಂಖ್ಯೆ ಕಡಿಮೆಯಾದ್ದರಿಂದ ಶ್ರುತಿ ಮಾಡುವವರು ಅವನ್ನೇ ಉಳಿದವಕ್ಕೆ ಹೊಂದಿಸುತ್ತಾರೆ. ರೀಡನ್ನು ಒತ್ತಿ ಹಿಡಿದ ತಂತಿಯನ್ನು ಕೆಳಕ್ಕೆ ತಟ್ಟಿದರೆ ಕಂಪಿಸುವ ಭಾಗ ಗಿಡ್ಡವಾಗಿ ಶ್ರುತಿ ಏರುತ್ತದೆ, ಮೇಲಕ್ಕೆ ತಟ್ಟಿದರೆ ಇಳಿಯುತ್ತದೆ. ಉಳಿದ ಕೊಳವೆಗಳನ್ನು ಆ ದಿನದ ಸೆಖೆ ನೋಡಿ ತಿದ್ದಬಾರದು. ಸಂಜೆ ತಂಪಾದರೆ ತಾವೇ ಇಳಿಯುತ್ತವೆ. ಕೈ ತಾಗಿದ ಸಣ್ಣ ಕೊಳವೆಯೂ ಕೈಬಿಸಿಗೇ ಏರಿರುತ್ತದೆ, ಅದು ಆರಿದ ಮೇಲೆಯೇ ಮತ್ತೆ ಕೇಳಬೇಕು.