ಓದುಗರ ಪ್ರಶ್ನೆ: ಬಂಡೆಯ ಕೆಂಪು ಫೋಟೊದಲ್ಲಿ ಏಕಿಲ್ಲ?

ಪ್ರಶ್ನೆ: ಸಾಣಾಪುರ, ಆನೆಗೊಂದಿ ಕಡೆ ಬಂಡೆಗಳ ಫೋಟೊ ತೆಗೆದೆವು. ಕಣ್ಣಿಗೆ ಕಂಡ ಕೆಂಪು ಬಣ್ಣ ಬಂದಿಲ್ಲ, ಆಕಾಶವೂ ಬಿಳಿಚಿಕೊಂಡಿದೆ. ಪೋಲರೈಸರ್ (ಆಕಾಶದ ನೀಲಿಯನ್ನು ಗಾಢವಾಗಿಸುವ ಫಿಲ್ಟರ್) ಕೊಳ್ಳಬೇಕೆ?
– ಓದುಗರು, ಸಿಂಧನೂರು

ಉತ್ತರ: ನೀವು ಕಳಿಸಿದ ಚಿತ್ರಗಳಲ್ಲಿ ನೆರಳು ಬಂಡೆಯ ಬುಡದಲ್ಲೇ ಮುದುಡಿಕೊಂಡಿದೆ, ಅಂದರೆ ನಡುಮಧ್ಯಾಹ್ನ. ಪೋಲರೈಸರ್ ಆಮೇಲೆ ನೋಡೋಣ, ಮೊದಲು ಹೊತ್ತು ಬದಲಿಸಿ. ಅಲ್ಲಿಯದು ದಪ್ಪ ಹರಳಿನ ಗ್ರಾನೈಟ್. ಬಿಸಿಲು ಓರೆಯಾಗಿ ಪಕ್ಕದಿಂದ ಬಿದ್ದರೆ ಒಂದೊಂದು ಹರಳಿಗೂ ಸಣ್ಣ ನೆರಳು ಹುಟ್ಟಿ ಕಲ್ಲಿನ ಒರಟು ಮೈ ಎದ್ದು ಕಾಣುತ್ತದೆ. ನೆತ್ತಿಯ ಬಿಸಿಲಿಗೆ ಅದೇ ಕಲ್ಲು ಸಿಮೆಂಟ್ ಬಳಿದಂತೆ. ಡಿಸೆಂಬರ್–ಜನವರಿಯಲ್ಲಿ ಸೂರ್ಯ ಮೂಡುವುದು ಆರೂವರೆಯಿಂದ ಏಳರೊಳಗೆ. ಆಮೇಲಿನ ಮುಕ್ಕಾಲು ಗಂಟೆಯೇ ನಿಮ್ಮ ಕೆಲಸದ ಹೊತ್ತು.

ಬಣ್ಣವನ್ನು ತಾನೇ ಹೊಂದಿಸುವ ಆಟೊ ವೈಟ್ ಬ್ಯಾಲೆನ್ಸ್ ಆ ಹೊತ್ತಿನ ಕೆಂಪನ್ನು ದೋಷವೆಂದು ತಿಳಿದು ತಣ್ಣಗಾಗಿಸುತ್ತದೆ, ‘ಡೇಲೈಟ್’ನಲ್ಲಿ ಇಡಿ. ಫ್ರೇಮ್ ತುಂಬ ಕಪ್ಪು ಬಂಡೆಯೇ ಇದ್ದರೆ ಕ್ಯಾಮೆರಾ ಬೆಳಕು ಹೆಚ್ಚಿಸಿ ಆಕಾಶವನ್ನು ಸುಟ್ಟುಹಾಕುತ್ತದೆ. ಎಕ್ಸ್‌ಪೋಷರನ್ನು (ಚಿತ್ರಕ್ಕೆ ಬೀಳುವ ಬೆಳಕು) ಮೈನಸ್ 0.7ರಿಂದ ಮೈನಸ್ 1ರವರೆಗೆ ಇಳಿಸಿ, ‘ರಾ’ದಲ್ಲಿ (ಕ್ಯಾಮೆರಾ ತಿದ್ದದ ಕಚ್ಚಾ ಫೈಲ್) ತೆಗೆದು, ನೆರಳಿನ ಭಾಗವನ್ನು ಆಮೇಲೆ ಎಡಿಟಿಂಗ್‌ನಲ್ಲಿ ಬೆಳಗಿಸಿ. ಐಎಸ್ಒ (ಬೆಳಕಿನ ಸೂಕ್ಷ್ಮತೆ) 100, ಲೆನ್ಸಿನ ಕಿಂಡಿ ಎಫ್/8 ಅಥವಾ 11. ಎಲ್ಲವೂ ಸ್ಪಷ್ಟ ಬರಲಿ ಎಂದು ಎಫ್/22ಕ್ಕೆ ಹೋಗಬೇಡಿ, ತೀರ ಸಣ್ಣ ಕಿಂಡಿಯಲ್ಲಿ ಬೆಳಕು ಹರಡುವ ಡಿಫ್ರ್ಯಾಕ್ಷನ್‌ನಿಂದ ಇಡೀ ಚಿತ್ರ ಮೆತ್ತಗಾಗುತ್ತದೆ. ಮುಂದಿನ ಕಲ್ಲಿಗೊಮ್ಮೆ, ದೂರದ ಅಂಜನಾದ್ರಿ ಬೆಟ್ಟಕ್ಕೊಮ್ಮೆ ಫೋಕಸ್ ಮಾಡಿ ಎರಡನ್ನೂ ಜೋಡಿಸುವುದೇ ಲೇಸು. ಇಳಿಜಾರಿನಲ್ಲಿ ಟ್ರೈಪಾಡ್‌ನ ಒಂದು ಕಾಲು ಕೆಳಮುಖವಾಗಿರಲಿ, ರಬ್ಬರ್ ಪಾದವಿರಲಿ. ಮೊಳೆ ಪಾದ ಬಂಡೆಯ ಮೇಲೆ ಜಾರುತ್ತದೆ.

ಪೋಲರೈಸರ್ ಕೊಂಡರೂ ಅದು ಪೂರ್ತಿ ಕೆಲಸ ಮಾಡುವುದು ಸೂರ್ಯನಿಗೆ ಅಡ್ಡಲಾಗಿ, 90 ಡಿಗ್ರಿಯಲ್ಲಿ ನಿಂತಾಗ. 24 ಎಂಎಂಗಿಂತ ಅಗಲ ನೋಟದ ಲೆನ್ಸಿಗೆ ಹಾಕಿದರೆ ಆಕಾಶದ ಒಂದು ಭಾಗ ಮಾತ್ರ ಕಡುನೀಲಿಯಾಗಿ ತೇಪೆ ಹಚ್ಚಿದಂತಾಗುತ್ತದೆ.

ಪ್ರಶ್ನೆ: ಹಿರೇಬೆಣಕಲ್ ಗುಡ್ಡದ ಶಿಲಾಗೋರಿಗಳನ್ನು ತೆಗೆಯುವುದು ಹೇಗೆ?
– ಓದುಗರು, ಗಂಗಾವತಿ

ಉತ್ತರ: ಊರವರು ಮೊರೇರ ಮನೆ ಎನ್ನುವ ಈ ಕಲ್ಲುಮನೆಗಳ ಒಳಗು ಹೊರಗಿಗಿಂತ ಬಹಳ ಕತ್ತಲು. ಚಪ್ಪಡಿಯ ದುಂಡು ಕಿಂಡಿ ಸರಿಯಾಗಿ ಬರಬೇಕಾದರೆ ಎಕ್ಸ್‌ಪೋಷರ್ ಮೈನಸ್ 2, 0, ಪ್ಲಸ್ 2 ಎಂದು ಮೂರು ಫ್ರೇಮ್ ತೆಗೆದು ಆಮೇಲೆ ಜೋಡಿಸಿ. ಚಪ್ಪಡಿ ಹತ್ತಬೇಡಿ, ಒರಗಬೇಡಿ. ಈ ಭಾಗದಲ್ಲಿ ಕರಡಿ, ಚಿರತೆಗಳಿವೆ. ನಸುಕಿನಲ್ಲಿ ಒಬ್ಬರೇ ಹೋಗದೆ ದಾರಿ ಬಲ್ಲ ಊರವರನ್ನು ಕರೆದುಕೊಳ್ಳಿ. ಮೇಲೆ ಅಂಗಡಿಯಿಲ್ಲ, ತಲೆಗೆ ಎರಡು ಲೀಟರ್ ನೀರು ಒಯ್ಯಿರಿ.

ಪ್ರಶ್ನೆ: ಮೊಬೈಲ್ ಸಾಕೆ?
– ಓದುಗರು, ಕಂಪ್ಲಿ

ಉತ್ತರ: ಸಾಕು. ಬಂಡೆಯ ಬಿಸಿಲು ಬಿದ್ದ ಅಂಚನ್ನು ಒತ್ತಿಹಿಡಿದು ಲಾಕ್ ಮಾಡಿ, ಬೆಳಕನ್ನು ತುಸು ತಗ್ಗಿಸಿ. ಅಲ್ಟ್ರಾವೈಡ್ ಬಿಟ್ಟು 1ಎಕ್ಸ್‌ನಲ್ಲೇ ತೆಗೆಯಿರಿ. ಅಲ್ಟ್ರಾವೈಡ್‌ನಲ್ಲಿ ದೂರದ ಗುಡ್ಡ ಗುಬ್ಬಚ್ಚಿಯಷ್ಟಾಗುತ್ತದೆ.